ಪ್ರಶ್ನೆ ಅಕ್ಕನ ಎಂಟಂಕಿ

ನನ್ನ ಚಿಕ್ಕಮ್ಮನ ಬಗ್ಗೆ ಎಲ್ಲೂ ಏನೂ ಅಚ್ಚಾಗಿಲ್ಲ. ಅಚ್ಚಾಗಬೇಕಾದ ಜಾಗ ಒಂದಿತ್ತು, ಒಂದೇ ಒಂದು ಸಾಲು. ಅದನ್ನೂ ಹೊಡೆದು ಹಾಕಿದರು. ಆದ್ದರಿಂದ ನಾನೇ ಬರೆಯಲು ಕೂತಿದ್ದೇನೆ. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಹೌದು, ಇದೆ. ಚಿಕ್ಕಮ್ಮನಿಗೆ ಬರಬೇಕಾಗಿದ್ದ ಕೋಪವೂ ನನ್ನ ಪಾಲಿಗೇ ಬಂದರೆ ನಾನೇನು ಮಾಡಲಿ?

ಅವಳು ಮೂವತ್ತೊಂದು ವರ್ಷ ಒಂದು ಮುದ್ರಣಾಲಯದಲ್ಲಿ ಪ್ರೂಫ್ ತಿದ್ದಿದಳು. ಓದಿದ್ದು ಹತ್ತನೇ ತರಗತಿ. ಆದರೆ ಅಂಕಿ ತುಂಬಿದ ಪುಸ್ತಕ ಯಾವುದು ಬಂದರೂ ಅವಳ ಮೇಜಿಗೇ ಬರುತ್ತಿತ್ತು: ಲಾಗರಿದಂ ಕೋಷ್ಟಕ, ರೈಲಿನ ವೇಳಾಪಟ್ಟಿ, ಒಂದು ಲಕ್ಷದವರೆಗಿನ ಅವಿಭಾಜ್ಯ ಸಂಖ್ಯೆಗಳ ಪಟ್ಟಿ. “ಅಕ್ಷರ ತಪ್ಪಿದ್ರೆ ಓದೋರು ತಾವೇ ಸರಿಮಾಡ್ಕೊಂಡು ಓದ್ತಾರೆ. ಅಂಕಿ ತಪ್ಪಿದ್ರೆ ನಂಬಿಬಿಡ್ತಾರೆ” ಎನ್ನುತ್ತಿದ್ದಳು. ಅನುಮಾನ ಬಂದಲ್ಲಿ ಮಾರ್ಜಿನ್ನಿನಲ್ಲಿ ಪ್ರಶ್ನೆ ಚಿಹ್ನೆ ಹಾಕಿ ಲೇಖಕರನ್ನು ಕೇಳುವುದು ನಮ್ಮಲ್ಲಿನ ಪದ್ಧತಿ. ಲೇಖಕರು ಪಕ್ಕದಲ್ಲಿ ಉತ್ತರ ಬರೆದು ಸಹಿ ಹಾಕಬೇಕು. ಎಲ್ಲ ಮುಗಿದ ಮೇಲೆ ಪ್ರೂಫ್ ತಿದ್ದಿದವರ ಸಹಿ. ಆ ಸಹಿ ಇಲ್ಲದ ಹಾಳೆ ಮಷಿನ್ನಿಗೆ ಹೋಗುವಂತಿಲ್ಲ. ಚಿಕ್ಕಮ್ಮನ ಹಾಳೆಗಳಲ್ಲಿ ಪ್ರಶ್ನೆ ಚಿಹ್ನೆಗಳು ಎಷ್ಟಿರುತ್ತಿದ್ದವೆಂದರೆ, ಮುದ್ರಣಾಲಯದಲ್ಲಿ ಅವಳ ಹೆಸರೇ ‘ಪ್ರಶ್ನೆ ಅಕ್ಕ’ ಎಂದಾಯಿತು.

ಮೊದಲೆಲ್ಲ ಅವಳಿಗೆ ಗಾಳಿ ಬೆಳಕಿನ ಒಂದು ಕೋಣೆಯಿತ್ತು, ಜೋಡಿಗೆ ನಾನಿದ್ದೆ. ನಾನು ಮೂಲ ಹಸ್ತಪ್ರತಿ ಹಿಡಿದು ಗಟ್ಟಿಯಾಗಿ ಓದುವುದು, ಅವಳು ಪ್ರೂಫ್ ಮೇಲೆ ಕಣ್ಣಿಟ್ಟು ಕೇಳುವುದು. ಖರ್ಚು ಕಡಿಮೆ ಮಾಡಬೇಕು ಎಂದು ಮ್ಯಾನೇಜರಿಗೆ ಒಂದು ದಿನ ಜ್ಞಾನೋದಯವಾಯಿತು. ಜೋಡಿ ಓದು ನಿಂತಿತು, ನನ್ನನ್ನು ರವಾನೆ ವಿಭಾಗಕ್ಕೆ ಹಾಕಿದರು. ಮರುವರ್ಷ ಆ ಕೋಣೆಗೆ ಮ್ಯಾನೇಜರ ಸೋಫಾ ಬಂತು, ಚಿಕ್ಕಮ್ಮನ ಮೇಜು ಮೆಟ್ಟಿಲ ಕೆಳಗೆ ಹೋಯಿತು. ಆಮೇಲೆ ಮೇಜಿನ ದೀಪ ಕೆಟ್ಟಿತು. ಹೊಸದನ್ನು ಕೇಳಿದರೆ “ನೋಡೋಣ” ಎಂದರು. ಅವಳು ಕುರ್ಚಿಯನ್ನು ಎರಡು ಗೇಣು ಕಿಟಕಿಯ ಕಡೆ ಸರಿಸಿಕೊಂಡು ಕೆಲಸ ಮುಂದುವರಿಸಿದಳು. ನಾನಾಗಿದ್ದರೆ ಆ ಸೋಫಾದ ಮೇಲೆಯೇ ಹೋಗಿ ಕೂರುತ್ತಿದ್ದೆ.

ಜೋಡಿ ಹೋದ ಮೇಲೆ ಅಂಕಿ ನೋಡಲು ಅವಳೇ ಒಂದು ದಾರಿ ಕಂಡುಕೊಂಡಳು. ಹಳೆಯ ಕ್ಯಾಲೆಂಡರಿನ ರಟ್ಟಿನಿಂದ ಅಂಗೈ ಅಗಲದ ತುಂಡೊಂದನ್ನು ಕತ್ತರಿಸಿ ಇಟ್ಟುಕೊಂಡಿದ್ದಳು. ಉದ್ದದ ಸಂಖ್ಯೆ ಬಂದರೆ ಮೊದಲು ಇಡಿಯಾಗಿ ನೋಡುವುದು. ಆಮೇಲೆ ರಟ್ಟಿನಿಂದ ಕೊನೆಯ ಅಂಕಿಯನ್ನು ಮುಚ್ಚಿ ಉಳಿದದ್ದನ್ನು ಹಸ್ತಪ್ರತಿಯ ಜೊತೆ ಹೋಲಿಸುವುದು. ಆಮೇಲೆ ಇನ್ನೊಂದು ಅಂಕಿ, ಮತ್ತೊಂದು, ಹೀಗೆ ಬಲದಿಂದ ಎಡಕ್ಕೆ ಒಂದೇ ಅಂಕಿ ಉಳಿಯುವವರೆಗೆ. ಕಣ್ಣು ಅವಸರಕ್ಕೆ ಊಹೆ ಮಾಡಿಬಿಡುತ್ತದೆ, ರಟ್ಟು ಅದಕ್ಕೆ ಅವಕಾಶ ಕೊಡುವುದಿಲ್ಲ.

ಹೀಗಿರುವಾಗ ಬಂತು ದೊಡ್ಡ ಮೇಷ್ಟ್ರ ಪುಸ್ತಕ. ಅವರು ಕಾಲೇಜಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು, ಊರಿಗೆಲ್ಲ ದೊಡ್ಡ ಮೇಷ್ಟ್ರು. ಹೈಸ್ಕೂಲು ಮಕ್ಕಳಿಗೆಂದು ಸಂಖ್ಯೆಗಳ ಬಗ್ಗೆ ಬರೆದಿದ್ದರು. ಚೆನ್ನಾಗಿಯೇ ಬರೆದಿದ್ದರು, ಅದನ್ನು ಹೇಳದಿದ್ದರೆ ನನ್ನ ಬಾಯಿಗೆ ಹುಳ ಬೀಳುತ್ತದೆ. ಐದನೇ ಅಧ್ಯಾಯ ಪೂರ್ತಿ ಒಂದು ದೊಡ್ಡ ಅವಿಭಾಜ್ಯ ಸಂಖ್ಯೆಯ ಬಗ್ಗೆ ಇತ್ತು. ಅವಿಭಾಜ್ಯ ಎಂದರೆ ಒಂದನ್ನೂ ತನ್ನನ್ನೂ ಬಿಟ್ಟು ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗದ ಸಂಖ್ಯೆ. ಅಂಥವು ಲೆಕ್ಕವಿಲ್ಲದಷ್ಟಿವೆ. ಆದರೆ ಮೇಷ್ಟ್ರು ಹೇಳಿದ ಸಂಖ್ಯೆಗೆ ಒಂದು ವಿಶೇಷವಿತ್ತು: ಅದರ ಕೊನೆಯ ಅಂಕಿಯನ್ನು ಕತ್ತರಿಸಿ ಹಾಕಿದರೂ ಉಳಿದದ್ದು ಅವಿಭಾಜ್ಯ, ಇನ್ನೊಂದನ್ನು ಕತ್ತರಿಸಿದರೂ ಅವಿಭಾಜ್ಯ, ಎಂಟು ಅಂಕಿಯಿಂದ ಶುರುಮಾಡಿ ಒಂದೇ ಅಂಕಿ ಉಳಿಯುವವರೆಗೂ ಹಾಗೆಯೇ. ಇಂಥ ಗುಣವಿರುವ ಸಂಖ್ಯೆಗಳಲ್ಲಿ ಅದೇ ಅತ್ಯಂತ ದೊಡ್ಡದು, ಅದಕ್ಕಿಂತ ದೊಡ್ಡದು ಇಲ್ಲವೇ ಇಲ್ಲ ಎಂದೂ ಬರೆದಿದ್ದರು.

ಚಿಕ್ಕಮ್ಮನಿಗೆ ರೋಮಾಂಚನವಾಯಿತಂತೆ. ಆಗದೆ ಇರುತ್ತದೆಯೇ? ದಿನವಿಡೀ ಅವಳು ರಟ್ಟು ಹಿಡಿದು ಮಾಡುತ್ತಿದ್ದ ಕೆಲಸವನ್ನೇ ಆ ಸಂಖ್ಯೆ ತನ್ನ ಹುಟ್ಟುಗುಣವಾಗಿ ಇಟ್ಟುಕೊಂಡಿತ್ತು! ಹಸ್ತಪ್ರತಿಯಲ್ಲಿದ್ದದ್ದು ೭೩೯೩೯೧೧೩. ರಟ್ಟನ್ನು ಇಟ್ಟು ಎಡದಿಂದ ನೋಡುತ್ತ ಬಂದಳು. ೭, ಸರಿ. ೭೩, ಸರಿ. ೭೩೯, ೭೩೯೩, ೭೩೯೩೯, ಎಲ್ಲ ಅವಳು ಹಿಂದೆ ತಿದ್ದಿದ ಪಟ್ಟಿಯಲ್ಲಿದ್ದವು. ೭೩೯೩೯೧ ಪಟ್ಟಿಯಾಚೆಗಿನದು, ಸದ್ಯಕ್ಕೆ ಇರಲಿ ಎಂದು ಬಿಟ್ಟಳು. ಮುಂದಿನದು ೭೩೯೩೯೧೧. ಅಂಕಿಗಳನ್ನು ಕೂಡಿದರೆ ಮೂವತ್ತಮೂರು. ಅಂಕಿಗಳ ಮೊತ್ತ ಮೂರರಿಂದ ಭಾಗವಾದರೆ ಸಂಖ್ಯೆಯೂ ಮೂರರಿಂದ ಭಾಗವಾಗುತ್ತದೆ, ಶಾಲೆಗೆ ಹೋದ ಯಾರಿಗೂ ಗೊತ್ತು. ಇಡೀ ಸಂಖ್ಯೆಯನ್ನೇ ಕೂಡಿದಳು: ಮೂವತ್ತಾರು. ಅದೂ ಮೂರರ ಬಾಯಿಗೆ ಬಿತ್ತು. ಮಾರ್ಜಿನ್ನಿನಲ್ಲಿ ಬರೆದಳು: “ಮೂರರಿಂದ ಭಾಗವಾಗುತ್ತದೆ. ಅಂಕಿ ತಪ್ಪಿರಬಹುದೇ?”

ಹಾಳೆ ನಾಲ್ಕು ದಿನದಲ್ಲಿ ವಾಪಸು ಬಂತು. ಅವಳ ಪ್ರಶ್ನೆಯ ಮೇಲೆ ಅಡ್ಡಲಾಗಿ ಒಂದು ಕೆಂಪು ಗೆರೆ. ಪಕ್ಕದಲ್ಲಿ “ಮೂಲದಂತೆ ಇರಲಿ”, ಕೆಳಗೆ ಸೊಟ್ಟ ಸಹಿ. ಆ ಪುಸ್ತಕದಲ್ಲಿ ಅವಳು ಕೇಳಿದ್ದ ಹತ್ತೊಂಬತ್ತು ಪ್ರಶ್ನೆಗಳಿಗೂ ಅದೇ ಗೆರೆ, ಅದೇ ಮಾತು, ಅದೇ ಸಹಿ. ಅವಳು ಫೋನ್ ಮಾಡಿದಳು. “ಪ್ರೂಫ್ ನೋಡೋರು ಪ್ರೂಫ್ ನೋಡಬೇಕಮ್ಮ, ಗಣಿತ ನಾನು ನೋಡ್ಕೋತೀನಿ” ಎಂದು ಮೇಷ್ಟ್ರು ಫೋನಿಟ್ಟರು. ಮ್ಯಾನೇಜರ ಬಳಿ ಹೋದಳು. “ಸಹಿ ಇದೆಯಲ್ಲ, ಮತ್ತೇನು? ಕಳಿಸಿ” ಎಂದರು. ಪದ್ಧತಿಯ ಪ್ರಕಾರ ಉತ್ತರ ಬಂದಿತ್ತು, ಅವಳೂ ಸಹಿ ಹಾಕಿದಳು.

ಹಾಕಿದಳು, ಆದರೆ ಅದು ಅವಳ ತಲೆಯಿಂದ ಇಳಿಯಲಿಲ್ಲ. ಸರಿಯಾದ ಸಂಖ್ಯೆ ಯಾವುದು? ಈಗಾದರೆ ಫೋನಿಗೆ ಕೇಳಿದರೆ ಕಣ್ಣು ಮಿಟುಕಿಸುವುದರೊಳಗೆ ಹೇಳುತ್ತದೆ. ಆಗ ಅವಳ ಹತ್ತಿರ ಇದ್ದದ್ದು ಪೆನ್ಸಿಲ್ಲು. ಚಿಕ್ಕಪ್ಪ ದರ್ಜಿ, ಅವರ ಹಳೆಯ ಅಳತೆ ಪುಸ್ತಕಗಳು ಮನೆಯಲ್ಲಿ ರಾಶಿ ಬಿದ್ದಿದ್ದವು. ಹಾಳೆಯ ಮುಂದೆ ಯಾರದೋ ಎದೆ, ಸೊಂಟ, ತೋಳು; ಹಿಂದಿನ ಖಾಲಿ ಬದಿಯಲ್ಲಿ ಚಿಕ್ಕಮ್ಮನ ಭಾಗಾಕಾರ. ಒಂದು ಸಂಖ್ಯೆ ಅವಿಭಾಜ್ಯ ಹೌದೋ ಅಲ್ಲವೋ ತಿಳಿಯಬೇಕಾದರೆ ಅದರ ವರ್ಗಮೂಲದವರೆಗಿನ ಎಲ್ಲ ಅವಿಭಾಜ್ಯಗಳಿಂದಲೂ ಭಾಗಿಸಿ, ಪ್ರತಿ ಸಲವೂ ಶೇಷ ಉಳಿಯುವುದನ್ನು ನೋಡಬೇಕು. ಆರಂಕಿಯ ೭೩೯೩೯೧ಕ್ಕೆ ನೂರ ನಲವತ್ತೊಂಬತ್ತು ಭಾಗಾಕಾರ. ಏಳಂಕಿಗೆ ಸುಮಾರು ನಾನೂರು. ಎಂಟಂಕಿಗೆ ಸಾವಿರದ ಮೇಲೆ. ಸಂಜೆ ಅಡುಗೆ ಒಲೆಯ ಮೇಲಿಟ್ಟು ಶುರುಮಾಡಿದರೆ ಊಟಕ್ಕೆ ಕೂರುವವರೆಗೆ ಹತ್ತೋ ಹದಿನೈದೋ ಆಗುತ್ತಿದ್ದವು.

“ಇನ್ನು ಭಾಗಿಸೋಕೆ ಉಳಿದಿರೋದು ನಾನೊಬ್ಬ” ಎಂದು ಚಿಕ್ಕಪ್ಪ ಗೊಣಗುತ್ತಿದ್ದರು.

“ನಿಮ್ಮನ್ನ ಭಾಗಿಸಿದ್ರೆ ಶೇಷಾನೇ ಜಾಸ್ತಿ ಬರೋದು” ಎಂದು ಅವಳು ತಲೆಯೆತ್ತದೆ ಹೇಳುತ್ತಿದ್ದಳು.

ನಾಲ್ಕೂವರೆ ತಿಂಗಳು ಹಿಡಿಯಿತು. ಒಂದು ಸಂಜೆ ಅನ್ನ ಸೀದು ಮನೆಯೆಲ್ಲ ವಾಸನೆ. ಇವಳು ಪೆನ್ಸಿಲ್ ಕೆಳಗಿಟ್ಟು ನಗುತ್ತ ಕೂತಿದ್ದಳು. ೭೩೯೩೯೧೩೩. ಮೇಷ್ಟ್ರು ಏಳನೇ ಜಾಗದಲ್ಲಿ ಮೂರರ ಬದಲು ಒಂದು ಬರೆದಿದ್ದರು, ಅಷ್ಟೇ. ಈ ಎಂಟಂಕಿಯನ್ನು ಯಾವುದೂ ಭಾಗಿಸಲಿಲ್ಲ. ರಟ್ಟು ಹಿಡಿದು ಬಾಲ ಕತ್ತರಿಸುತ್ತ ಹೋಗಿ ನನಗೆ ತೋರಿಸಿದಳು, ಚಿಕ್ಕ ಹುಡುಗಿಯ ಹಾಗೆ.

ಅಷ್ಟರಲ್ಲಿ ಪುಸ್ತಕ ತಪ್ಪು ಸಂಖ್ಯೆಯೊಂದಿಗೆ ಹೊರಗೆ ಬಂದಾಗಿತ್ತು, ನಾಲ್ಕು ಸಾವಿರ ಪ್ರತಿ. ಮೂರೇ ವಾರಕ್ಕೆ ಯಾವುದೋ ಶಾಲೆಯ ಎಂಟನೇ ತರಗತಿಯ ಮಕ್ಕಳು ಪತ್ರ ಬರೆದರು: “ನಾವು ಅಂಕಿಗಳನ್ನು ಕೂಡಿ ನೋಡಿದೆವು. ಮೂವತ್ತಾರು ಬಂತು. ನಿಮ್ಮ ಅವಿಭಾಜ್ಯ ಸಂಖ್ಯೆ ಮೂರರಿಂದ ಭಾಗವಾಗುತ್ತದೆ.” ಕೆಳಗೆ ಇಡೀ ತರಗತಿಯ ಸಹಿ. ಪತ್ರ ಪತ್ರಿಕೆಯೊಂದರಲ್ಲೂ ಬಂತು. ದೊಡ್ಡ ಮೇಷ್ಟ್ರು ಮುದ್ರಣಾಲಯಕ್ಕೆ ಬಂದು, ಮ್ಯಾನೇಜರ ಸೋಫಾದಲ್ಲಿ ಕೂತು, ತಾವು ಸರಿಯಾಗಿಯೇ ಬರೆದಿದ್ದಾಗಿಯೂ ಪ್ರೂಫ್ ನೋಡಿದವರು ಕೆಡಿಸಿದ್ದಾಗಿಯೂ ಹೇಳಿ ಹೋದರು. ಮೊಸರು ತಿಂದ ಕೋತಿ ಮೇಕೆಯ ಬಾಯಿಗೆ ಒರೆಸಿತಂತೆ!

ಹಸ್ತಪ್ರತಿ? ಅಚ್ಚಾದ ಕೂಡಲೇ ಅದನ್ನು ಮೇಷ್ಟ್ರಿಗೇ ಹಿಂತಿರುಗಿಸಿದ್ದೆವು. ಸಹಿ ಇದ್ದ ಪ್ರೂಫ್ ಹಾಳೆ? ಹೇಳುತ್ತೇನೆ ಕೇಳಿ, ಇದನ್ನು ಹೇಳಲು ನನಗೇ ನಾಚಿಕೆಯಾಗುತ್ತದೆ. ಹಳೆಯ ಪ್ರೂಫ್ ಕಟ್ಟುಗಳನ್ನು ಒಂದು ವರ್ಷ ಅಟ್ಟದ ಮೇಲೆ ಇಡಬೇಕು. ಆ ವರ್ಷ ಪಾರ್ಸೆಲ್ ಕಟ್ಟುವ ಕಾಗದ ತರಿಸಲು ಮ್ಯಾನೇಜರಿಗೆ ಕೈ ಬರಲಿಲ್ಲ. ಅಟ್ಟದ ಕಟ್ಟುಗಳನ್ನೇ ಬಳಸಿ ಎಂದರು. ಬಳಸಿದವಳು ನಾನು. ದೊಡ್ಡ ಮೇಷ್ಟ್ರ ಪುಸ್ತಕವನ್ನು ದೊಡ್ಡ ಮೇಷ್ಟ್ರದೇ ಪ್ರೂಫ್ ಹಾಳೆಗಳಲ್ಲಿ ಸುತ್ತಿ, ಹುರಿ ಬಿಗಿದು, ಅಂಗಡಿ ಅಂಗಡಿಗೆ ಕಳಿಸಿದ್ದೆ. ಚಿಕ್ಕಮ್ಮನ ಪುರಾವೆಯನ್ನು ಈ ನನ್ನ ಕೈಗಳೇ ಊರಾಚೆ ದಾಟಿಸಿದ್ದವು.

ಮ್ಯಾನೇಜರು ಅವಳನ್ನು ಕರೆಸಿದರು. ತಪ್ಪು–ಒಪ್ಪು ಚೀಟಿ ಅಚ್ಚು ಮಾಡಿಸಿ, ಅಂಗಡಿಗಳಿಂದ ಪುಸ್ತಕ ವಾಪಸು ತರಿಸಿ, ಪ್ರತಿಯೊಂದಕ್ಕೂ ಅಂಟಿಸುವುದೆಂದು ತೀರ್ಮಾನವಾಗಿತ್ತು. ಚೀಟಿಯ ಒಕ್ಕಣೆಯನ್ನು ಮೇಷ್ಟ್ರೇ ಬರೆದುಕೊಡುತ್ತಾರಂತೆ. “ಪ್ರೂಫ್ ನೋಡಿದವರ ಕಣ್ತಪ್ಪಿನಿಂದ” ಎಂದು ಶುರುವಾಗುತ್ತದಂತೆ.

“ಕಣ್ತಪ್ಪು ನಂದಲ್ಲ ಸಾರ್. ನಾನು ಕೇಳಿದ್ದೆ, ಅವರು ಮೂಲದಂತೆ ಇರಲಿ ಅಂತ ಸಹಿ ಹಾಕಿದ್ರು. ನಿಮಗೂ ತೋರಿಸಿದ್ದೆ.”

“ನನಗೆ ನೆನಪಿಲ್ಲಮ್ಮ. ಹಾಳೆ ಇದ್ರೆ ತಗೊಂಡು ಬನ್ನಿ.”

“ಹಾಳೆ ನಿಮ್ಮ ಮಾತಿನ ಪ್ರಕಾರ ಪಾರ್ಸೆಲ್ ಆಗಿದೆ.”

“ಅದೇ ಮತ್ತೆ. ಒಂದು ಸಾಲು ತಾನೇ? ಯಾರು ಓದ್ತಾರೆ ಅದನ್ನ? ನಿಮ್ಮ ಹೆಸರೂ ಇರಲ್ಲ.”

ಹೆಸರಿರುವುದಿಲ್ಲವಂತೆ! ಮುದ್ರಣಾಲಯದಲ್ಲಿ ಅಂಕಿಯ ಪುಸ್ತಕಗಳ ಪ್ರೂಫ್ ನೋಡುತ್ತಿದ್ದವಳು ಅವಳೊಬ್ಬಳೇ, ಇದು ಬೀದಿಯ ನಾಯಿಗೂ ಗೊತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದನ್ನು ಗಾದೆಯಲ್ಲಿ ಕೇಳಿದ್ದೆ, ಅಂದು ಕಣ್ಣಾರೆ ಕಂಡೆ. ಅಷ್ಟು ವರ್ಷಗಳಲ್ಲಿ ಅವಳು ಸಹಿ ಮಾಡಿದ ಕೋಷ್ಟಕಗಳಲ್ಲಿ ಒಂದು ಅಂಕಿ ತಪ್ಪಿದ್ದಿಲ್ಲ. ಅವಳ ಹತ್ತಿರ ಇದ್ದ ಆಸ್ತಿ ಅದೊಂದೇ. ಅದನ್ನೇ ಕೊಡು ಎನ್ನುತ್ತಿದ್ದರು, ಅದೂ ಅವಳ ಕೈಯಿಂದಲೇ ಬರೆಸಿಕೊಂಡು. ಏಕೆಂದರೆ ಚೀಟಿಯಾದರೂ ಅದು ಅಚ್ಚಾಗುವ ಹಾಳೆ. ಪ್ರೂಫ್ ನೋಡಿ ಸಹಿ ಹಾಕಬೇಕಾದವಳು ಅವಳೇ.

ಅಂಗಡಿಗಳಿಂದ ಪುಸ್ತಕಗಳು ಒಂದೊಂದೇ ಪಾರ್ಸೆಲ್ಲಾಗಿ ವಾಪಸು ಬಂದವು. ಕೆಲವು ನಾನು ಸುತ್ತಿ ಕಳಿಸಿದ್ದ ಹಾಳೆಗಳಲ್ಲೇ ಬಂದವು. ನಾನು ಹುಚ್ಚಿಯ ಹಾಗೆ ಒಂದೊಂದನ್ನೂ ಬಿಡಿಸಿ, ಸುಕ್ಕು ತೀಡಿ ನೋಡಿದೆ. ಎರಡನೇ ಅಧ್ಯಾಯ ಸಿಕ್ಕಿತು, ಒಂಬತ್ತನೆಯದು ಸಿಕ್ಕಿತು, ಪರಿವಿಡಿಯಂತೂ ಮೂರು ಸಲ ಸಿಕ್ಕಿತು. ಐದನೇ ಅಧ್ಯಾಯ ಸಿಗಲಿಲ್ಲ.

ಚೀಟಿಯ ಪ್ರೂಫ್ ಚಿಕ್ಕಮ್ಮನ ಮೇಜಿಗೆ ಬಂದ ದಿನ ನಾನು ಊಟದ ಬಿಡುವಿನಲ್ಲಿ ಮೆಟ್ಟಿಲ ಕೆಳಗೇ ಇದ್ದೆ. ಎರಡು ಸಾಲು: “ಪ್ರೂಫ್ ನೋಡಿದವರ ಕಣ್ತಪ್ಪಿನಿಂದ ಐದನೇ ಅಧ್ಯಾಯದ ಸಂಖ್ಯೆ ತಪ್ಪಾಗಿ ಅಚ್ಚಾಗಿದೆ. ಅದನ್ನು ೭೩೯೩೯೩೧೩ ಎಂದು ಓದಿಕೊಳ್ಳಬೇಕಾಗಿ ವಿನಂತಿ.”

ಚಿಕ್ಕಮ್ಮ ರಟ್ಟು ತೆಗೆದಳು. ಮುಚ್ಚಿದಳು, ಸರಿಸಿದಳು. ಅವಳ ತುಟಿ ಅಲ್ಲಾಡುವುದನ್ನು ನೋಡಿ ನನಗೆ ಗೊತ್ತಾಯಿತು.

“ಮತ್ತೆ ತಪ್ಪಾ?”

“ಮತ್ತೆ ತಪ್ಪು ಕಣೇ. ಈ ಸಲ ಜಾಣ ತಪ್ಪು. ಅಂಕಿ ಕೂಡಿದ್ರೆ ಮೂವತ್ತೆಂಟು, ಮೂರಕ್ಕೆ ಸಿಗಲ್ಲ. ಬಾಲದ ಒಂದಂಕಿ ಕತ್ತರಿಸಿದ್ರೆ ಉಳಿಯೋ ಏಳಂಕಿನೂ ಅವಿಭಾಜ್ಯಾನೇ. ನಾನು ಹುಡುಕುವಾಗ ಅದನ್ನೂ ಭಾಗಿಸಿ ನೋಡಿದ್ದೆ. ಆದ್ರೆ ಎಂಟೂ ಸೇರಿದ್ರೆ ಏಳರಿಂದ ಭಾಗ ಆಗುತ್ತೆ.”

ನನಗೆ ಖುಷಿಯಿಂದ ಕುಣಿಯುವ ಹಾಗಾಯಿತು. “ಬಿಟ್ಟುಬಿಡು ಚಿಕ್ಕಮ್ಮ! ಮೂಲದಂತೆ ಇರಲಿ! ನಾಲ್ಕು ಸಾವಿರ ಚೀಟಿ ಅಂಟಿಸ್ತೀನಿ, ಒಂದೊಂದನ್ನೂ ಪ್ರೀತಿಯಿಂದ ಅಂಟಿಸ್ತೀನಿ. ಆ ಎಂಟನೇ ತರಗತಿ ಮಕ್ಕಳು ಏಳರ ಮಗ್ಗಿ ಹೇಳ್ಕೊಂಡು ಮೇಷ್ಟ್ರ ಮರ್ಯಾದೆ ತೆಗೀಲಿ.”

ಅವಳು ಕನ್ನಡಕದ ಮೇಲಿಂದ ನನ್ನನ್ನು ನೋಡಿದಳು. “ಮಕ್ಕಳು ಎರಡನೇ ಸಲಾನೂ ತಪ್ಪು ಓದ್ಬೇಕಾ? ನಿನ್ನ ಸಿಟ್ಟಿಗೆ?”

ಅವಳು ಮಾರ್ಜಿನ್ನಿನಲ್ಲಿ ಎರಡು ಪ್ರಶ್ನೆ ಚಿಹ್ನೆ ಹಾಕಿದಳು. ಸಂಖ್ಯೆಯ ಪಕ್ಕದಲ್ಲಿ: “ಏಳರಿಂದ ಭಾಗವಾಗುತ್ತದೆ. ೭೩೯೩೯೧೩೩ ಆಗಬೇಕೆ?” ಮೊದಲ ಸಾಲಿನ ‘ಪ್ರೂಫ್ ನೋಡಿದವರ’ ಎಂಬ ಮಾತಿನ ಪಕ್ಕದಲ್ಲಿ ಒಂದೇ ಪದ: “ಯಾರ?” ಸರಿಯುತ್ತರವನ್ನು ತಟ್ಟೆಯಲ್ಲಿಟ್ಟು ಕೊಟ್ಟಿದ್ದಳು. ಅದನ್ನು ಓದಿದ್ದರೆ ಸಾಕಿತ್ತು, ಮೇಷ್ಟ್ರ ಮಾನ ಉಳಿಯುತ್ತಿತ್ತು.

ಎರಡು ದಿನಕ್ಕೆ ಹಾಳೆ ವಾಪಸು ಬಂತು. ಎರಡೂ ಪ್ರಶ್ನೆಗಳನ್ನು ಸೇರಿಸಿ ಒಂದೇ ಕೆಂಪು ಗೆರೆ. “ಮೂಲದಂತೆ ಇರಲಿ.” ಸೊಟ್ಟ ಸಹಿ.

ಅವಳು ಆ ಹಾಳೆ ಹಿಡಿದು ಮ್ಯಾನೇಜರ ಕೋಣೆಗೆ ಹೋದಳು. ನಾನೂ ಹಿಂದೆಯೇ ನುಗ್ಗಿದೆ, ಯಾರೂ ಕರೆಯದಿದ್ದರೂ. ಕಂಪೋಸಿಂಗ್ ಮಾಡುವವರು ಬಾಗಿಲಲ್ಲಿ ನಿಂತರು. ಚಿಕ್ಕಮ್ಮ ಹಾಳೆಯನ್ನು ಮೇಜಿನ ಮೇಲಿಟ್ಟು ಪೆನ್ಸಿಲ್ ತೆಗೆದು, ಅದೇ ಮಾರ್ಜಿನ್ನಿನಲ್ಲಿ ಭಾಗಿಸತೊಡಗಿದಳು. ಜೋರಾಗಿ ಹೇಳುತ್ತ ಭಾಗಿಸಿದಳು, ನಾವು ಜೋಡಿಯಾಗಿ ಓದುತ್ತಿದ್ದ ಕಾಲದ ದನಿಯಲ್ಲಿ. ಒಂದೊಂದೇ ಅಂಕಿ ಇಳಿಸಿಕೊಂಡು ಕೊನೆಗೆ ಬಂದಳು. “ಅರವತ್ತಮೂರು. ಏಳೊಂಬತ್ಲಿ ಅರವತ್ತಮೂರು. ಶೇಷ ಸೊನ್ನೆ.” ಪೆನ್ಸಿಲ್ ಇಟ್ಟಳು. “ಇದು ನಾನು ಕೇಳಿದ ಪ್ರಶ್ನೆ ಸಾರ್. ಇದು ಅವರ ಗೆರೆ. ಇದು ಅವರ ಸಹಿ. ಹೋದ ಸಲಾನೂ ಹೀಗೇ ಆಗಿತ್ತು. ಈಗ ನೆನಪು ಬಂತಾ?”

ಮ್ಯಾನೇಜರಿಗೆ ನೆನಪು ಬಂದದ್ದು ಅವರ ಕಿವಿಯ ಬಣ್ಣದಲ್ಲೇ ತಿಳಿಯಿತು. ಆದರೂ ಅಡ್ಡಗೋಡೆಯ ಮೇಲೆ ದೀಪ ಇಡುವ ಗುಣ ಎಲ್ಲಿಗೆ ಹೋಗುತ್ತದೆ? “ಹಾಗಾದ್ರೆ ಅಚ್ಚಿನ ದೋಷದಿಂದ ಅಂತ ಹಾಕೋಣ. ಯಾರಿಗೂ ನೋವಾಗಲ್ಲ.”

“ಅಚ್ಚು ಏನು ಮಾಡಿತ್ತು ಪಾಪ?” ಎಂದು ಬಾಗಿಲಿನಿಂದ ಕಂಪೋಸಿಂಗಿನವರೊಬ್ಬರು ಕೇಳಿದರು.

ಚಿಕ್ಕಮ್ಮ ಕಡ್ಡಿ ಮುರಿದ ಹಾಗೆ ಹೇಳಿದಳು: “ಹಸ್ತಪ್ರತಿಯ ತಪ್ಪಿನಿಂದ ಅಂತ ಹಾಕಿದ್ರೆ ನನ್ನ ಸಹಿ ಇದೆ. ಬೇರೆ ಏನು ಹಾಕಿದ್ರೂ ಇಲ್ಲ.”

ಸಹಿ ಇಲ್ಲದೆ ಚೀಟಿಯನ್ನು ಓಡಿಸಲು ಮ್ಯಾನೇಜರು ಮಷಿನ್ ವಿಭಾಗಕ್ಕೆ ಹೇಳಿ ಕಳಿಸಿದರು. ಮಷಿನ್ನಿನವರು ಹತ್ತಿಯ ಚಿಂದಿಯಿಂದ ಕೈ ಒರೆಸಿಕೊಳ್ಳುತ್ತ ಬಂದು, “ಪ್ರಶ್ನೆ ಅಕ್ಕನ ಸಹಿ ಎಲ್ಲಿ?” ಎಂದು ಕೇಳಿ, ಹಾಳೆಯನ್ನು ಮೇಜಿನ ಮೇಲೆಯೇ ಬಿಟ್ಟು ಹೋದರು. ಮೂರು ದಿನ ವಾಪಸು ಬಂದ ಪುಸ್ತಕಗಳೆಲ್ಲ ನನ್ನ ವಿಭಾಗದಲ್ಲಿ ನಡೆಯಲೂ ಜಾಗವಿಲ್ಲದಂತೆ ರಾಶಿ ಬಿದ್ದಿದ್ದವು. ನಾಲ್ಕನೆಯ ದಿನ ಚೀಟಿ ಬದಲಾಗಿ ಬಂತು: “ಹಸ್ತಪ್ರತಿಯ ತಪ್ಪಿನಿಂದ…” ಸಂಖ್ಯೆ ೭೩೯೩೯೧೩೩. ಅವಳು ರಟ್ಟಿಟ್ಟು ಎಂಟು ಸಲ ನೋಡಿ ಸಹಿ ಹಾಕಿದಳು. ನಾನು ಅಂಟಿಸಿದೆ. ಬೆರಳಿನ ಚರ್ಮ ಸುಲಿದರೂ ಬೇಸರವಾಗಲಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲವೇನೋ. ದೊಡ್ಡ ಮೇಷ್ಟ್ರು ಒಂದು ಸಲವೂ ಬಂದು ತಪ್ಪಾಯಿತು ಎನ್ನಲಿಲ್ಲ. ಫೋನೂ ಇಲ್ಲ. ದೀಪವೂ ಬರಲಿಲ್ಲ. “ನೋಡಿದೆಯಾ, ನೀನೂ ಆ ಎಂಟಂಕಿ ಹಾಗೇ. ಒಂದೊಂದೇ ಕಿತ್ಕೊಂಡ್ರೂ ಬಗ್ಗಲ್ಲ” ಎಂದು ನಾನು ಒಮ್ಮೆ ಭಾವುಕಳಾಗಿ ಹೇಳಿದೆ. “ಸುಮ್ನಿರೇ. ನನ್ನ ಮಂಡಿ ಆಗಲೇ ಎರಡು ಭಾಗ ಆಗ್ತಿದೆ” ಎಂದಳು.

ಅವಳ ನಿವೃತ್ತಿಗೆ ನಾಲ್ಕು ತಿಂಗಳಿರುವಾಗ ಪುಸ್ತಕದ ಎರಡನೇ ಮುದ್ರಣ ಬಂತು. ಮೇಷ್ಟ್ರು ಐದನೇ ಅಧ್ಯಾಯದಲ್ಲಿ ಸಂಖ್ಯೆಯನ್ನು ಸರಿಮಾಡಿ, ಕೆಳಗೆ ಹೊಸದಾಗಿ ಒಂದು ಸಾಲು ಸೇರಿಸಿದ್ದರು: “ಮೊದಲ ಮುದ್ರಣದಲ್ಲಿದ್ದ ತಪ್ಪು ನಂತರ ಗಮನಕ್ಕೆ ಬಂದು, ದೀರ್ಘ ಪರಿಶ್ರಮದಿಂದ ಸರಿಪಡಿಸಲಾಗಿದೆ.” ದೀರ್ಘ ಪರಿಶ್ರಮ! ಓದಿ ನನ್ನ ಪಿತ್ತ ನೆತ್ತಿಗೇರಿತು. ಯಾರ ಅನ್ನ ಸೀದದ್ದು, ಯಾರ ಪೆನ್ಸಿಲ್ ಸವೆದದ್ದು?

ಚಿಕ್ಕಮ್ಮ ‘ಗಮನಕ್ಕೆ’ ಎಂಬುದರ ಕೆಳಗೆ ಒಂದು ಗೆರೆ ಎಳೆದು, ಮಾರ್ಜಿನ್ನಿನಲ್ಲಿ ಅದೇ ಪ್ರಶ್ನೆ ಕೇಳಿದಳು: “ಯಾರ?”

ಈ ಸಲ ಹಾಳೆ ವಾಪಸು ಬರಲು ಹನ್ನೊಂದು ದಿನ ಹಿಡಿಯಿತು. ನಾನೇ ಕವರ್ ಒಡೆದೆ. “ಮೂಲದಂತೆ ಇರಲಿ” ಎಂದು ಇರಲಿಲ್ಲ. ಅವಳ ಪ್ರಶ್ನೆಯ ಮೇಲೆ ಗೆರೆಯೂ ಇರಲಿಲ್ಲ. ಕೆಂಪು ಗೆರೆ ಬಿದ್ದಿದ್ದದ್ದು ಮೇಷ್ಟ್ರ ಸಾಲಿನ ಮೇಲೆ, ಮೊದಲ ಪದದಿಂದ ಕೊನೆಯ ಪದದವರೆಗೆ. ಅವಳನ್ನು ಹೆಸರಿಸುವ ಬದಲು ಸಾಲನ್ನೇ ತೆಗೆದುಬಿಟ್ಟಿದ್ದರು. ನಾನು ಹಾಳೆಯನ್ನು ಅವಳ ಮುಂದೆ ಬಡಿದೆ. ಕೋಪಕ್ಕೆ ನನ್ನ ಕಣ್ಣಲ್ಲಿ ನೀರು ಬಂದಿತ್ತು.

ಅವಳು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದಳು. ಆಮೇಲೆ ಪೆನ್ನಿನ ಮುಚ್ಚಳ ತೆಗೆದು ತನ್ನ ಸಹಿ ಹಾಕಿದಳು.

“ಈ ಸಲ ಓದಿದಾರೆ ಕಣೇ” ಎಂದಳು.